ದಿಡ್ಡಿ ಬಾಗಿಲಿನ ಕಾವಲುಗಾರ



ನಮ್ಮ ತಂದೆಯವರ ದಿನಚರಿಯ ಕೆಲವು ಪುಟಗಳನ್ನು ಇಲ್ಲಿ ಓದಿದ ಹಲವರು, "ಮೂಲ ಪುಸ್ತಕಗಳನ್ನು ಒಮ್ಮೆ ನೋಡಬಹುದೇ?" ಎಂದು ಕೇಳಿದ್ದೀರಿ. ನೋಡಲು ಅವು ಈಗ ಇಲ್ಲ. ಹದಿನೇಳು ನೋಟುಪುಸ್ತಕಗಳು ಊರಿನ ಮನೆಯ ಅಟ್ಟದ ಮೇಲೆ ಮರದ ಪೆಟ್ಟಿಗೆಯಲ್ಲಿದ್ದವು. ಮಳೆಯ ಲೆಕ್ಕ, ಅಡಿಕೆಯ ಧಾರಣೆ, ಯಾರ ಮನೆಯಲ್ಲಿ ಮಗು ಹುಟ್ಟಿತು, ಯಾರು ತೀರಿಕೊಂಡರು, ಅಂಚೆಚೀಲ ಎಷ್ಟು ಹೊತ್ತಿಗೆ ಬಂತು ಎಂಬಂಥ ಸಣ್ಣ ಸಂಗತಿಗಳೇ ಅವುಗಳ ತುಂಬ. 2018ರ ಜೂನ್ ತಿಂಗಳಿನಲ್ಲಿ ಪೆಟ್ಟಿಗೆಯನ್ನು ಕೆಳಗಿಳಿಸಿದಾಗ ಒಳಗಿದ್ದುದು ಗೆದ್ದಲಿನ ಮಣ್ಣು ಮತ್ತು ಹನ್ನೆರಡು ರಟ್ಟುಗಳು ಮಾತ್ರ.

ಆದರೆ ನನಗೆ ಆಗ ಅಷ್ಟೇನೂ ದುಃಖವಾಗಲಿಲ್ಲ. ಅದಕ್ಕೆ ಹಿಂದಿನ ಹನ್ನೊಂದು ತಿಂಗಳ ಕಾಲ, ಶಾಲೆಯಿಂದ ಬಂದ ಮೇಲೆ ದಿನಕ್ಕೆ ಎರಡು ಮೂರು ಪುಟದಂತೆ, ಅಷ್ಟನ್ನೂ ನನ್ನ ಗಣಕಯಂತ್ರದಲ್ಲಿ ಟೈಪು ಮಾಡಿ ಮುಗಿಸಿದ್ದೆ. "ಕಾಗದ ಹೋದರೇನು, ಅಕ್ಷರ ಉಳಿಯಿತಲ್ಲ" ಎಂದು ಮನೆಯವರಿಗೆ ನಾನೇ ಸಮಾಧಾನ ಹೇಳಿದೆ. ಆ ಅಕ್ಷರಗಳಿಗೆ ಇನ್ನೊಂದು ಪ್ರತಿ ಇರಲಿಲ್ಲ ಎಂಬುದು ನನಗೆ ಹೊಳೆದದ್ದು ಎರಡು ತಿಂಗಳ ನಂತರ, ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ, ಕಪ್ಪು ಪರದೆಯ ಮೇಲೆ ಎರಡೇ ಸಾಲು ಮೂಡಿದಾಗ. 'ಅಪರಿಚಿತ ಕಡತವ್ಯವಸ್ಥೆ' ಎಂಬ ಅರ್ಥದ ಇಂಗ್ಲಿಷ್ ಸಾಲು ಒಂದು. ಅದರ ಕೆಳಗೆ 'ಗ್ರಬ್ ರೆಸ್ಕ್ಯೂ' ಎಂಬ ಎರಡು ಪದ, ಮುಂದೆ ಮಿಣುಕುವ ಒಂದು ಗೆರೆ.

ಮೂವತ್ತಕ್ಕೂ ಹೆಚ್ಚು ವರ್ಷ ಕೋಟೆಕೊತ್ತಲಗಳ ಇತಿಹಾಸವನ್ನು ಪಾಠ ಮಾಡಿದವನು ಇಂದು ಆ ಎರಡು ಪದಗಳ ಹಿಂದಿನ ಇತಿಹಾಸವನ್ನು ಹೇಳಹೊರಟಿದ್ದೇನೆ. ಹಳೆಯ ಮೇಷ್ಟ್ರ ಪಾಠವೆಂದು ಸಹಿಸಿಕೊಳ್ಳಿ.

ನನ್ನ ಯಂತ್ರದಲ್ಲಿ ಎರಡು ಕಾರ್ಯಾಚರಣ ವ್ಯವಸ್ಥೆಗಳಿದ್ದವು. ಯೂನಿಕೋಡ್ ಬರುವುದಕ್ಕೆ ಮೊದಲಿನ ಕ್ರಮದಲ್ಲಿ ಟೈಪು ಮಾಡಿದ ಶಾಲೆಯ ಪ್ರಶ್ನೆಪತ್ರಿಕೆಗಳು, ನೋಟೀಸುಗಳು ಯಂತ್ರದೊಡನೆಯೇ ಬಂದಿದ್ದ ವ್ಯವಸ್ಥೆಯಲ್ಲಿ ಮಾತ್ರ ಸರಿಯಾಗಿ ತೆರೆಯುತ್ತಿದ್ದವು. ಲಿನಕ್ಸ್ ನನಗೆ ಪರಿಚಯವಾದದ್ದು ನಮ್ಮ ರಾಜ್ಯದ ಪ್ರೌಢಶಾಲಾ ಶಿಕ್ಷಕರಿಗಾಗಿ 2010ರ ದಶಕದಲ್ಲಿ ನಡೆದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಯಲ್ಲಿ. ಅಲ್ಲಿ ಉಬುಂಟು ಕಲಿತೆ, ಮೆಚ್ಚಿದೆ, ಹೊಸ ಬರಹವನ್ನೆಲ್ಲ ಅದರಲ್ಲೇ ಮಾಡತೊಡಗಿದೆ. ಹೀಗೆ ಒಂದೇ ಮನೆಯಲ್ಲಿ ಎರಡು ಒಲೆ ಹೂಡಿದ ಸಂಸಾರ ನನ್ನ ಗಣಕದ್ದು. ಬೆಳಿಗ್ಗೆ ಯಂತ್ರವನ್ನು ಎಬ್ಬಿಸಿದಾಗ, "ಇಂದು ಯಾವ ಒಲೆ ಹಚ್ಚಲಿ?" ಎಂದು ಕೇಳುವ ಒಂದು ಪುಟ್ಟ ತಂತ್ರಾಂಶವಿರುತ್ತದೆ. ಅದೇ ಬೂಟ್ ಲೋಡರ್.

ಹಳೆಯ ಕೋಟೆಗಳ ಹೆಬ್ಬಾಗಿಲನ್ನು ನೋಡಿದವರಿಗೆ ದಿಡ್ಡಿ ಬಾಗಿಲು ಗೊತ್ತು. ಆನೆ ಹೋಗುವಷ್ಟು ದೊಡ್ಡ ಕದದಲ್ಲಿ ಒಬ್ಬ ಮನುಷ್ಯ ಬಗ್ಗಿ ನುಸುಳುವಷ್ಟು ಸಣ್ಣ ಬಾಗಿಲು. ರಾತ್ರಿ ಬಂದವನು ಮೊದಲು ಅದರೊಳಗೆ ನುಸುಳಬೇಕು. ಒಳಗೆ ಹೋದವನು ದೊಡ್ಡ ಅಗಣಿಯನ್ನು ತೆಗೆಯಬೇಕು. ಗಣಕವೂ ಹೀಗೆಯೇ ಎಚ್ಚರಗೊಳ್ಳುತ್ತದೆ. ವಿದ್ಯುತ್ ಹರಿದ ಕ್ಷಣದಲ್ಲಿ ಅದರ ಸ್ಮರಣೆ ಖಾಲಿ. ಡಿಸ್ಕಿನಲ್ಲಿರುವ ದೊಡ್ಡ ತಂತ್ರಾಂಶವನ್ನು ಓದಿಕೊಳ್ಳಬೇಕಾದರೆ ಓದುವುದನ್ನು ಹೇಳಿಕೊಡುವ ತಂತ್ರಾಂಶ ಮೊದಲೇ ಬೇಕು. ತನ್ನ ಬೂಟಿನ ಹಿಂಬದಿಯ ಪಟ್ಟಿಯನ್ನು ತಾನೇ ಹಿಡಿದು ತನ್ನನ್ನು ಮೇಲಕ್ಕೆತ್ತಿಕೊಂಡವನ ತಮಾಷೆಯ ಮಾತಿನಿಂದ ಇದಕ್ಕೆ 'ಬೂಟ್‌ಸ್ಟ್ರ್ಯಾಪ್' ಎಂಬ ಹೆಸರು ಬಂತು. ಕಾಲಕ್ರಮದಲ್ಲಿ ಪಟ್ಟಿ ಕಳಚಿ ಬರಿಯ 'ಬೂಟ್' ಉಳಿಯಿತು.

1952ರ ಐಬಿಎಂ 701 ಯಂತ್ರದಲ್ಲಿ ಇದಕ್ಕಾಗಿ 'ಲೋಡ್' ಎಂಬ ಗುಂಡಿಯೇ ಇತ್ತು. 1975ರಲ್ಲಿ ಬಂದ ಆಲ್ಟೇರ್ 8800 ಎಂಬ ಸಣ್ಣ ಗಣಕದ ಒಡೆಯನಿಗೆ ಅಷ್ಟು ಸುಖವೂ ಇರಲಿಲ್ಲ. ಅವನು ಮುಂಭಾಗದ ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡಿ, ಮೊದಲ ಆಜ್ಞೆಗಳನ್ನು ಒಂದೊಂದಾಗಿ ಕೈಯಿಂದಲೇ ಉಣಿಸಬೇಕಾಗಿತ್ತು. 1981ರ ಆಗಸ್ಟಿನಲ್ಲಿ ಬಂದ ಐಬಿಎಂ ಪಿಸಿಯಲ್ಲಿ ಈ ಮೊದಲ ತುತ್ತು ಬಯಾಸ್ ಎಂಬ ಹೆಸರಿನಿಂದ ಅಳಿಸಲಾಗದ ಚಿಪ್ಪಿನಲ್ಲಿ ಕುಳಿತಿತು. 1983ರಲ್ಲಿ 10 ಮೆಗಾಬೈಟಿನ ಹಾರ್ಡ್ ಡಿಸ್ಕಿನೊಡನೆ ಪಿಸಿ ಎಕ್ಸ್‌ಟಿ ಬಂದಾಗ, ಒಂದೇ ಡಿಸ್ಕನ್ನು ಹಲವು ವ್ಯವಸ್ಥೆಗಳು ಹಂಚಿಕೊಳ್ಳುವ ಏರ್ಪಾಡೂ ಬಂತು. ಅಣ್ಣತಮ್ಮಂದಿರು ಜಮೀನು ಪಾಲು ಮಾಡಿಕೊಂಡಂತೆ ಡಿಸ್ಕಿನಲ್ಲಿ ಪಾರ್ಟಿಷನ್‌ಗಳು. ಆ ಪಾಲುಪಟ್ಟಿಯನ್ನು ಬರೆದಿಡಲು ಡಿಸ್ಕಿನ ಮೊಟ್ಟಮೊದಲ ಚೌಕ.

ಈ ಮೊದಲ ಚೌಕದ ಅಳತೆ 512 ಬೈಟು. ಅದರಲ್ಲಿ 64 ಬೈಟು ಪಾಲುಪಟ್ಟಿಗೆ, ನಾಲ್ಕೇ ಪಾಲಿಗೆ ಜಾಗ. ಕೊನೆಯ 2 ಬೈಟು ಮುದ್ರೆಗೆ. ಉಳಿದ 446 ಬೈಟು ಬಾಗಿಲು ತೆರೆಯುವ ಸೂಚನೆಗಳಿಗೆ. ಇಂದಿನ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟು ಬೇಕು. ಎಂದರೆ ಆ ಜಾಗದಲ್ಲಿ ನೂರೈವತ್ತು ಕನ್ನಡ ಸಂಕೇತಗಳೂ ಹಿಡಿಯಲಾರವು. ಒಂದು ಕಾರ್ಡಿನಲ್ಲಿ ನಮ್ಮ ತಂದೆಯವರು ಬರೆಯುತ್ತಿದ್ದುದು ಅದಕ್ಕಿಂತ ಹೆಚ್ಚು. ಅಷ್ಟು ಇಕ್ಕಟ್ಟಾದ ದಿಡ್ಡಿಯ ಮೂಲಕ ದಶಕಗಳ ಕಾಲ ಲೋಕದ ಎಷ್ಟೋ ಗಣಕಗಳು ನುಸುಳಿ ಎದ್ದವು ಎಂಬುದನ್ನು ನೆನೆದರೆ ನನಗೆ ಈಗಲೂ ಸೋಜಿಗ.

1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ತನ್ನ ಕರ್ನೆಲನ್ನು ಹೊರಗಿಟ್ಟ. ಇದನ್ನು ಪರೀಕ್ಷಿಸಬಯಸಿದವರ ಮನೆಯಲ್ಲಿ ಸಾಮಾನ್ಯವಾಗಿ ಇನ್ನೊಂದು ವ್ಯವಸ್ಥೆ ಮೊದಲೇ ಬಿಡಾರ ಹೂಡಿರುತ್ತಿತ್ತು. ಎರಡರ ನಡುವೆ ಬಾಗಿಲು ಕಾಯುವವನೊಬ್ಬ ಬೇಕಾದ. 1992ರಲ್ಲಿ ವರ್ನರ್ ಆಲ್ಮೆಸ್‌ಬರ್ಗರ್ ಬರೆದ ಲಿಲೋ ಆ ಕೆಲಸಕ್ಕೆ ನಿಂತಿತು. ಲಿಲೋ ನಿಷ್ಠಾವಂತ, ಆದರೆ ಓದು ಬಾರದ ಕಾವಲುಗಾರ. ಕರ್ನೆಲಿನ ಕಡತ ಡಿಸ್ಕಿನ ಯಾವ ಯಾವ ಚೌಕಗಳಲ್ಲಿದೆ ಎಂಬುದನ್ನು ಬಾಯಿಪಾಠ ಮಾಡಿಕೊಂಡಿರುತ್ತಿತ್ತೇ ಹೊರತು ಕಡತದ ಹೆಸರು ಹೇಳಿದರೆ ಅದಕ್ಕೆ ತಿಳಿಯುತ್ತಿರಲಿಲ್ಲ. ಹೊಸ ಕರ್ನೆಲ್ ಬಂದಾಗಲೆಲ್ಲ ಲಿಲೋವನ್ನು ಮತ್ತೆ ಓಡಿಸಿ ಹೊಸ ಪಾಠ ಒಪ್ಪಿಸಿಕೊಳ್ಳಬೇಕು. ಮರೆತರೆ ಅದು ಹಳೆಯ ವಿಳಾಸಕ್ಕೇ ಹೋಗಿ ಬರಿಗೈಯಲ್ಲಿ ನಿಲ್ಲುತ್ತಿತ್ತು. ಎದ್ದೇಳುವಾಗ ಅದು ತನ್ನ ಹೆಸರಿನ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದು ಹಂತಕ್ಕೆ ಒಂದೊಂದರಂತೆ ಮೂಡಿಸುತ್ತಿತ್ತು. ಎರಡೇ ಅಕ್ಷರಕ್ಕೆ ನಿಂತರೆ ಎರಡನೆಯ ಹಂತ ಬಂದಿದೆ, ಆದರೆ ನಡೆಯಲಾಗುತ್ತಿಲ್ಲವೆಂದು ಅರ್ಥ. ಅರ್ಧಕ್ಕೆ ತಡೆದ ಮಾತಿನಿಂದಲೇ ರೋಗ ಹಿಡಿಯುವ ವೈದ್ಯರಂತೆ ಬಲ್ಲವರು ದೋಷವನ್ನು ಗುರುತಿಸುತ್ತಿದ್ದರು. ಲಿಲೋದ ಅಭಿವೃದ್ಧಿ 2015ರ ಡಿಸೆಂಬರಿನಲ್ಲಿ ನಿಂತಿತು.

ಓದು ಬಲ್ಲ ಕಾವಲುಗಾರ ಗ್ರಬ್. 1995ರಲ್ಲಿ ಎರಿಕ್ ಬೋಲಿನ್ ಅದನ್ನು ಆರಂಭಿಸಿದ್ದು ಲಿನಕ್ಸಿಗಾಗಿ ಅಲ್ಲ, ಗ್ನೂ ಹರ್ಡ್ ಎಂಬ ವ್ಯವಸ್ಥೆಯನ್ನು ಎಬ್ಬಿಸಲಿಕ್ಕೆ. 1999ರಲ್ಲಿ ಗೋರ್ಡನ್ ಮ್ಯಾಟ್ಸಿಗ್‌ಕೈಟ್ ಮತ್ತು ಯೋಶಿನೋರಿ ಒಕುಜಿ ಅದನ್ನು ಗ್ನೂ ಯೋಜನೆಯ ಅಧಿಕೃತ ತಂತ್ರಾಂಶವಾಗಿ ಬೆಳೆಸಿದರು. ಮುಂದೆ ಹೊಸದಾಗಿ ಬರೆದ ಗ್ರಬ್ 2 ಅನ್ನು 2009ರ ಅಕ್ಟೋಬರಿನಲ್ಲಿ ಬಂದ ಉಬುಂಟು ಸ್ವೀಕರಿಸಿತು. 2012ರಲ್ಲಿ ಅದರ 2.00 ಆವೃತ್ತಿ ಹೊರಬಂತು. ಗ್ರಬ್ ಕಡತವ್ಯವಸ್ಥೆಯನ್ನು ಓದಬಲ್ಲದು, ಹೆಸರು ಹೇಳಿದರೆ ಕರ್ನೆಲನ್ನು ಹುಡುಕಬಲ್ಲದು. ಆದರೆ ಅಷ್ಟು ವಿದ್ಯೆ 446 ಬೈಟಿನಲ್ಲಿ ಹಿಡಿಯುವುದೆಂತು? ಆದ್ದರಿಂದ ಹಳೆಯ ಬಗೆಯ ಡಿಸ್ಕಿನಲ್ಲಿ ಅದು ಮೂರು ಕಡೆ ಹಂಚಿಹೋಗಿರುತ್ತದೆ. ಮೊದಲ ಚೌಕದಲ್ಲಿ ಒಂದು ಚೂರು. ಅದಕ್ಕೂ ಮೊದಲ ಪಾಲಿಗೂ ನಡುವೆ ಯಾರಿಗೂ ಸೇರದ ಬದುವಿನಂಥ ಜಾಗದಲ್ಲಿ ಇನ್ನೊಂದು. ಉಳಿದ ಸರಂಜಾಮೆಲ್ಲ ಲಿನಕ್ಸಿನ ಪಾಲಿನ ಒಳಗೆ. ಬದುವಿನ ಚೂರಿನಲ್ಲಿ 'ಸರಂಜಾಮು ಇಷ್ಟನೆಯ ಪಾಲಿನಲ್ಲಿದೆ' ಎಂಬ ಒಂದು ವಿಳಾಸ ಬರೆದಿರುತ್ತದೆ.

ಈಗ ನನ್ನ ಕಪ್ಪು ಪರದೆಗೆ ಮರಳುತ್ತೇನೆ.

ಹಿಂದಿನ ರಾತ್ರಿ ಎರಡೂ ವ್ಯವಸ್ಥೆಗಳು ನವೀಕರಣ ಕೇಳಿದ್ದವು. ಎರಡಕ್ಕೂ 'ಆಗಲಿ' ಎಂದವನು ನಾನೇ. ಬೆಳಿಗ್ಗೆ ಎರಡು ಒಲೆಯೂ ಹೊತ್ತಲಿಲ್ಲ. ಸುರಿಯುವ ಮಳೆಯಲ್ಲಿ ಯಂತ್ರವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಪೇಟೆಯ ಒಂದು ಅಂಗಡಿಗೆ ಹೋದೆ. ಅಲ್ಲಿನ ಹುಡುಗ ಅರೆನಿಮಿಷ ನೋಡಿ, "ಹಾರ್ಡ್ ಡಿಸ್ಕ್ ಹೋಗಿದೆ ಸಾರ್. ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕಬೇಕು. ಒಳಗಿರೋದು ಸಿಗಲ್ಲ. ಸಾಯಂಕಾಲ ಬನ್ನಿ" ಎಂದ. ನಾನು "ಸರಿ" ಎನ್ನುವುದರಲ್ಲಿದ್ದೆ. ಈ ಮಾತನ್ನು ಬರೆಯುವಾಗ ಇಂದಿಗೂ ಕೈ ತಣ್ಣಗಾಗುತ್ತದೆ. ಏನೋ ನೆನಪಾಗಿ, "ನಾಳೆ ತರುತ್ತೇನಪ್ಪ" ಎಂದು ಯಂತ್ರವನ್ನು ಎತ್ತಿಕೊಂಡು ಮನೆಗೆ ಬಂದೆ. ಊಟ ಸೇರಲಿಲ್ಲ. ಅಟ್ಟದ ಮೇಲಿನ ಪೆಟ್ಟಿಗೆ ಬರಿದು, ಮೇಜಿನ ಮೇಲಿನ ಪೆಟ್ಟಿಗೆ ಮೂಕ.

ಆ ರಾತ್ರಿ ಹೊರದೇಶದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬನಿಗೆ ದೂರವಾಣಿ ಮಾಡಿದೆ. ಹೆಸರು ಹೇಳಕೂಡದೆಂದು ಅವನ ಕಟ್ಟಾಜ್ಞೆ. ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದವನು ಎಂದಷ್ಟೇ ಹೇಳುತ್ತೇನೆ. ನಾನು ಗಾಬರಿಯಿಂದ ಹೇಳಿದ್ದನ್ನೆಲ್ಲ ಕೇಳಿ ಅವನು, "ಸಾರ್, ಪರದೆ ಮೇಲೆ ಏನಿದೆ ಅಂತ ನಿಧಾನವಾಗಿ ಓದಿ" ಎಂದ. ಓದಿದೆ. "ಇನ್ನೊಂದು ಸಲ ಓದಿ. ಉತ್ತರ ಬರೆಯೋ ಮೊದಲು ಪ್ರಶ್ನೆಯನ್ನ ಎರಡು ಸಲ ಓದು ಅಂತ ನೀವೇ ತಾನೇ ಹೇಳ್ತಿದ್ದಿದ್ದು?"

ಎರಡನೆಯ ಸಲ ಓದಿದಾಗ ಅರ್ಥವಾಯಿತು. 'ಡಿಸ್ಕ್ ಇಲ್ಲ' ಎಂದು ಯಾರೂ ಹೇಳುತ್ತಿರಲಿಲ್ಲ. 'ನಾನು ಹೋದ ಮನೆಯವರ ಗುರುತು ನನಗಿಲ್ಲ' ಎಂದು ಗ್ರಬ್ ದೂರುತ್ತಿತ್ತು, ಅಷ್ಟೆ. ಮಾತನಾಡಲು ಗ್ರಬ್ ಇನ್ನೂ ಇದೆ, ಎಂದರೆ ಡಿಸ್ಕಿನ ಮೊದಲ ಚೌಕಗಳನ್ನು ಯಂತ್ರ ಓದುತ್ತಿದೆ. ಸತ್ತ ಡಿಸ್ಕು ಅಷ್ಟನ್ನೂ ಹೇಳುತ್ತಿರಲಿಲ್ಲ.

ಮುಂದಿನದು ಇಪ್ಪತ್ತು ನಿಮಿಷದ ಕೆಲಸ. ಅವನು ಹೇಳಿದಂತೆ 'ಎಲ್‌ಎಸ್' ಎಂದು ಒತ್ತಿದೆ. ಗ್ರಬ್ ತನಗೆ ಕಾಣುವ ಪಾಲುಗಳ ಪಟ್ಟಿ ಕೊಟ್ಟಿತು. ಒಂದೊಂದನ್ನೇ ತೆರೆದು ತೋರಿಸೆಂದು ಕೇಳುತ್ತ ಹೋದೆ. ಐದನೆಯ ಪಾಲಿಗೆ ಅದೇ ದೂರು, 'ಅಪರಿಚಿತ'. ಆರನೆಯದನ್ನು ಕೇಳಿದಾಗ ಪರದೆಯ ಮೇಲೆ ಹೆಸರುಗಳು ಸಾಲಾಗಿ ಬಂದವು. ಅವುಗಳ ನಡುವೆ 'ಬೂಟ್' ಇತ್ತು, 'ಹೋಮ್' ಇತ್ತು. ಆ ಹೋಮ್ ಎಂಬ ಪದದೊಳಗೆ ನಮ್ಮ ತಂದೆಯವರ ಹದಿನೇಳು ಪುಸ್ತಕಗಳಿದ್ದವು. ನನ್ನ ಕಣ್ಣು ಮಂಜಾದದ್ದು ಅವನಿಗೆ ದೂರವಾಣಿಯಲ್ಲಿ ಕಾಣಲಿಲ್ಲವೆಂಬುದೊಂದು ಪುಣ್ಯ.

ಆದದ್ದು ಇಷ್ಟೇ. ನವೀಕರಣದ ಗದ್ದಲದಲ್ಲಿ ಡಿಸ್ಕಿನಲ್ಲಿ ಹೊಸದಾಗಿ ಒಂದು ಪುಟ್ಟ ಪಾಲು ಹುಟ್ಟಿಕೊಂಡಿತ್ತು. ಲಿನಕ್ಸಿನ ಪಾಲು ಕೂತಲ್ಲೇ ಕೂತಿದ್ದರೂ ಅದರ ಕ್ರಮಸಂಖ್ಯೆ ಐದರಿಂದ ಆರಕ್ಕೆ ಸರಿದಿತ್ತು. ಬದುವಿನ ಚೂರಿನಲ್ಲಿದ್ದ ವಿಳಾಸ ಮಾತ್ರ ಐದು ಎಂದೇ ಉಳಿದಿತ್ತು. ಬೀದಿಯ ಮನೆ ಸಂಖ್ಯೆಗಳನ್ನು ಬದಲಿಸಿದ ಮರುದಿನ ಹಳೆಯ ಅಂಚೆಯಣ್ಣ ಬೇರೆ ಮನೆಯ ಕದ ತಟ್ಟಿ ನಿಂತಂತೆ. 'ಸೆಟ್ ಪ್ರಿಫಿಕ್ಸ್' ಎಂಬ ಆಜ್ಞೆಯಿಂದ ಸರಿಯಾದ ವಿಳಾಸ ಕೊಟ್ಟು, 'ಇನ್ಸ್‌ಮಾಡ್ ನಾರ್ಮಲ್', ಅನಂತರ 'ನಾರ್ಮಲ್' ಎಂದಾಗ ಚಿರಪರಿಚಿತವಾದ ಪಟ್ಟಿ ಮೂಡಿತು. ಅದು ಆ ಹೊತ್ತಿನ ಪರಿಹಾರ ಮಾತ್ರ. ಲಿನಕ್ಸಿನೊಳಗೆ ಹೋದ ಮೇಲೆ 'ಗ್ರಬ್-ಇನ್‌ಸ್ಟಾಲ್' ಆಜ್ಞೆಯಿಂದ ಹೊಸ ವಿಳಾಸವನ್ನು ಡಿಸ್ಕಿನ ಮೊದಲಿಗೆ ಬರೆಸಿ, 'ಅಪ್‌ಡೇಟ್-ಗ್ರಬ್' ಆಜ್ಞೆಯಿಂದ ಎರಡೂ ವ್ಯವಸ್ಥೆಗಳ ಪಟ್ಟಿಯನ್ನು ಹೊಸದಾಗಿ ಮಾಡಿಸಿದ ಮೇಲೆಯೇ ಅದು ಶಾಶ್ವತವಾದದ್ದು. ಆದರೆ ಆ ಎರಡು ಆಜ್ಞೆಗೆ ಮೊದಲು ಅವನು ಇನ್ನೊಂದನ್ನು ಮಾಡಿಸಿದ. "ಸಾರ್, ಮೊದಲು ಪೆನ್‌ಡ್ರೈವ್ ಹಾಕಿ. ಪುಸ್ತಕಗಳನ್ನ ನಕಲು ಮಾಡಿಕೊಳ್ಳಿ. ಆಮೇಲೆ ರಿಪೇರಿ."

ಇದು ಹಳೆಯ ಯಂತ್ರದ ಕಥೆ, 2011ರಲ್ಲಿ ಕೊಂಡದ್ದು. ಹೊಸ ಯಂತ್ರಗಳಲ್ಲಿ ಬಾಗಿಲೇ ಬೇರೆ. ಇಂಟೆಲ್ ಸಂಸ್ಥೆ ತನ್ನ ಇಟೇನಿಯಂ ಯಂತ್ರಗಳಿಗಾಗಿ 1990ರ ದಶಕದಲ್ಲಿ ರೂಪಿಸಿದ ಇಎಫ್‌ಐ ಎಂಬ ಕ್ರಮ, 2005ರಲ್ಲಿ ಹಲವು ಕಂಪನಿಗಳ ಕೂಟದ ಕೈಸೇರಿ ಯುಇಎಫ್‌ಐ ಆಯಿತು. ಇದರಲ್ಲಿ 446 ಬೈಟಿನ ಇಕ್ಕಟ್ಟಿಲ್ಲ. ಬೂಟ್ ಲೋಡರ್‌ಗಳಿಗೆಂದೇ ಒಂದು ಪ್ರತ್ಯೇಕ ಪಾಲು. ಅದರಲ್ಲಿ ಎಷ್ಟು ವ್ಯವಸ್ಥೆಗಳ ಲೋಡರ್‌ಗಳಾದರೂ ಒಂದರ ಮೇಲೊಂದು ಬೀಳದೆ ಕಡತಗಳಾಗಿ ಇರಬಹುದು. ಹಿಂದೆ ಲಿನಕ್ಸಿನ ನಂತರ ವಿಂಡೋಸ್ ಹಾಕಿದರೆ ಅದು ಮೊದಲ ಚೌಕವನ್ನು ತನ್ನದಾಗಿ ತಿದ್ದಿ ಬರೆಯುತ್ತಿತ್ತು. ಹೊಸ ಕ್ರಮದಲ್ಲಿ ಹೆಚ್ಚೆಂದರೆ ಯಾರು ಮೊದಲು ಎಂಬ ಸರದಿ ಬದಲಾಗಬಹುದು. ಆಗ ಯಂತ್ರದ ಆರಂಭಿಕ ಸೆಟ್ಟಿಂಗಿಗೆ ಹೋಗಿ ಸರದಿಯನ್ನು ಸರಿಪಡಿಸಿದರೆ ಸಾಕು.

ಆದರೆ ಬಾಗಿಲು ಅಗಲವಾದ ಮೇಲೆ ರಾಜಮುದ್ರೆ ಬೇಕಾಯಿತು. 2012ರ ಅಕ್ಟೋಬರಿನಲ್ಲಿ ವಿಂಡೋಸ್ 8ರೊಡನೆ ಸೆಕ್ಯೂರ್ ಬೂಟ್ ಮನೆಮನೆಗೂ ಬಂತು. ಒಪ್ಪಿತ ಮುದ್ರೆಯಿಲ್ಲದ ಯಾವ ತಂತ್ರಾಂಶವೂ ಬಾಗಿಲು ದಾಟುವಂತಿಲ್ಲ. ಹೆಚ್ಚಿನ ಯಂತ್ರಗಳಲ್ಲಿದ್ದುದು ಮೈಕ್ರೋಸಾಫ್ಟ್ ಮುದ್ರೆ. ಲಿನಕ್ಸಿನವರು ಪ್ರತಿ ಗ್ರಬ್ಬಿಗೂ ಆ ಮುದ್ರೆ ಬೇಡುವುದೆಂತು? ಮ್ಯಾಥ್ಯೂ ಗ್ಯಾರೆಟ್ 2012ರಲ್ಲಿ ಶಿಮ್ ಎಂಬ ಪುಟ್ಟ ಕಡತದ ಮೂಲಕ ದಾರಿ ತೋರಿದರು. ಶಿಮ್ ಮೈಕ್ರೋಸಾಫ್ಟ್ ಮುದ್ರೆ ಪಡೆದು ಒಳಗೆ ಹೋಗುತ್ತದೆ. ಹೋದ ಮೇಲೆ ಗ್ರಬ್ಬಿನ ಗುರುತನ್ನು ತಾನು ಪರಿಶೀಲಿಸಿ ಕರೆದುಕೊಳ್ಳುತ್ತದೆ.

ಎಂಥ ಕೋಟೆಗೂ ಒಂದು ಕಿಂಡಿ ಇರುತ್ತದೆಂಬುದನ್ನು ಚಿತ್ರದುರ್ಗದ ಓಬವ್ವನ ಕಥೆ ಕೇಳಿದ ನಿಮಗೆ ಹೇಳಬೇಕಿಲ್ಲ. 2020ರ ಜುಲೈಯಲ್ಲಿ ಗ್ರಬ್ಬಿನಲ್ಲೇ ಅಂಥ ಒಂದು ಕಿಂಡಿ ಕಂಡಿತು. ಅದಕ್ಕೆ ಬೂಟ್‌ಹೋಲ್ ಎಂದೇ ಹೆಸರಾಯಿತು. ಮುಚ್ಚಲು ಬಂದ ನವೀಕರಣದಿಂದಲೇ ರೆಡ್ ಹ್ಯಾಟ್ ಬಳಗದ ಕೆಲವು ಯಂತ್ರಗಳು ಏಳದೆ ಮಲಗಿದವು. ಹಳೆಯ ಗ್ರಬ್‌ಗಳನ್ನೆಲ್ಲ ಒಂದೊಂದಾಗಿ ನಿಷೇಧಪಟ್ಟಿಗೆ ಸೇರಿಸಹೊರಟರೆ ಯಂತ್ರದಲ್ಲಿರುವ ಸಣ್ಣ ಜಾಗ ತುಂಬಿಹೋಗುತ್ತಿತ್ತು. ಅದಕ್ಕಾಗಿ ಎಸ್‌ಬ್ಯಾಟ್ ಎಂಬ ಹೊಸ ಪದ್ಧತಿ ಬಂತು: 'ಇಷ್ಟನೆಯ ಪೀಳಿಗೆಗಿಂತ ಹಳೆಯವರಿಗೆ ಪ್ರವೇಶವಿಲ್ಲ' ಎಂಬ ಒಂದೇ ಸಾಲಿನ ಆಜ್ಞೆ.

2024ರ ಆಗಸ್ಟ್ 13ರ ವಿಂಡೋಸ್ ನವೀಕರಣ ಈ ಆಜ್ಞೆಯನ್ನು ಹೊತ್ತು ಬಂತು. ಎರಡು ವ್ಯವಸ್ಥೆಗಳಿರುವ ಯಂತ್ರಕ್ಕೆ ಅದು ತಗಲದು ಎಂಬುದು ಮೈಕ್ರೋಸಾಫ್ಟಿನ ಆಶಯವಾಗಿತ್ತು. ಆದರೆ ಕೆಲವು ಬಗೆಯ ಏರ್ಪಾಡುಗಳನ್ನು ಅದು ಗುರುತಿಸಲಾರದೆ ಹೋಯಿತು. 'ಏನೋ ಘೋರ ತಪ್ಪಾಗಿದೆ' ಎಂಬರ್ಥದ ಸಾಲನ್ನು ತೋರಿಸಿ ಅನೇಕರ ಲಿನಕ್ಸ್ ಬಾಗಿಲಲ್ಲೇ ನಿಂತಿತು. ಸೆಕ್ಯೂರ್ ಬೂಟನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಲಿನಕ್ಸಿಗೆ ಹೋಗಿ, ಆ ಆಜ್ಞೆಯನ್ನು ಅಳಿಸಿ, ಮತ್ತೆ ಸೆಕ್ಯೂರ್ ಬೂಟನ್ನು ಆರಂಭಿಸುವುದು ಅದರ ಚಿಕಿತ್ಸೆಯಾಗಿತ್ತು. ಪೂರ್ಣ ಪರಿಹಾರ ಬಂದದ್ದು 2025ರ ಮೇ ತಿಂಗಳ ನವೀಕರಣದಲ್ಲಿ. ಅಲ್ಲಿಯೂ ಜನರ ಕಡತಗಳು ಅಳಿದಿರಲಿಲ್ಲ ಎಂಬುದನ್ನು ಗಮನಿಸಬೇಕು.

ತಪ್ಪು ಒಂದೇ ಕಡೆಯದು ಎಂದು ಇತಿಹಾಸದ ಮೇಷ್ಟ್ರು ಹೇಳಬಾರದು. 2022ರ ಆಗಸ್ಟಿನಲ್ಲಿ ಆರ್ಚ್ ಲಿನಕ್ಸಿನಲ್ಲಿ ಇನ್ನೊಂದು ವ್ಯವಸ್ಥೆಯ ಸುಳಿವೂ ಇಲ್ಲದ ಯಂತ್ರಗಳೇ ತಪ್ಪು ದಾರಿ ಹಿಡಿದವು. ಹೊಸ ಪಟ್ಟಿಯಲ್ಲಿ, 'ಯಂತ್ರದ ಸೆಟ್ಟಿಂಗಿಗೆ ಹೋಗುವ ಸೌಲಭ್ಯ ಇದೆಯೇ ನೋಡು' ಎಂಬ ಪ್ರಶ್ನೆ ಸೇರಿತ್ತು. ಡಿಸ್ಕಿನಲ್ಲಿದ್ದ ಹಳೆಯ ಗ್ರಬ್ಬಿಗೆ ಆ ಪ್ರಶ್ನೆಯ ಬಾಲ ಅರ್ಥವಾಗಲಿಲ್ಲ. 'ಸೆಟ್ಟಿಂಗಿಗೆ ಹೋಗು' ಎಂದೇ ತಿಳಿದು ಪ್ರತಿ ಸಲವೂ ಅಲ್ಲಿಗೇ ಹೋಗುತ್ತಿತ್ತು. ಹೊಸ ಸುತ್ತೋಲೆ, ಹಳೆಯ ಗುಮಾಸ್ತ. ಸರ್ಕಾರಿ ಕೆಲಸ ಮಾಡಿದ ಯಾರಿಗೂ ಈ ಕಥೆ ಹೊಸದಲ್ಲ. ಅಷ್ಟು ಹೊತ್ತಿಗೆ ನಾನು ನಿವೃತ್ತನಾಗಿ ಮೂರು ವರ್ಷವಾಗಿತ್ತು; ಓದಿ ಮನಸಾರೆ ನಕ್ಕೆ.

ಈ ನಲವತ್ತು ವರ್ಷಗಳ ಕಥೆಯಲ್ಲಿ ನನಗೆ ಕಾಣುವುದು ಒಂದೇ ಸೂತ್ರ. ಬಾಗಿಲಿನವನಿಗೂ ಮನೆಯೊಳಗಿನವರಿಗೂ ನಡುವೆ ಒಂದು ಒಪ್ಪಂದವಿರುತ್ತದೆ. ಚೌಕದ ಸಂಖ್ಯೆಯೋ, ಪಾಲಿನ ಸಂಖ್ಯೆಯೋ, ಪೀಳಿಗೆಯ ಸಂಖ್ಯೆಯೋ, ಅಂತೂ ಒಂದು ಗುರುತು. ನವೀಕರಣ ಒಂದು ಕಡೆಯ ಗುರುತನ್ನು ಬದಲಿಸಿ ಇನ್ನೊಂದು ಕಡೆಗೆ ಹೇಳದೆ ಹೋದಾಗ ಬಾಗಿಲು ಮುಚ್ಚುತ್ತದೆ. ಮುಚ್ಚಿದ್ದು ಬಾಗಿಲು; ಒಳಗಿನ ಭಂಡಾರವಲ್ಲ.

ಆದ್ದರಿಂದ ನಿಮ್ಮಲ್ಲಿ ಯಾರಿಗಾದರೂ ಇಂಥ ಬೆಳಗು ಬಂದರೆ, ಪರದೆಯ ಮೇಲಿನ ಮಾತನ್ನು ಎರಡು ಸಲ ಓದಿ, ಒಂದು ಕಾಗದದ ಮೇಲೆ ಬರೆದುಕೊಳ್ಳಿ. ಪೆನ್‌ಡ್ರೈವಿನಿಂದಲೇ ನಡೆಯುವ ಲಿನಕ್ಸ್ ಒಂದನ್ನು ಮೊದಲೇ ಸಿದ್ಧಮಾಡಿ ಕಪಾಟಿನಲ್ಲಿಡಿ. ಬಾಗಿಲು ತೆರೆಯದಾಗ ಅದು ಕಿಟಕಿಯಾಗುತ್ತದೆ. ಆ ಕಿಟಕಿಯಿಂದ ಮೊದಲು ಕಡತಗಳನ್ನು ಹೊರತೆಗೆಯಿರಿ, ಅನಂತರ ರಿಪೇರಿ. 'ಫಾರ್ಮ್ಯಾಟ್' ಎಂಬ ಮಾತಿಗೆ ಎಲ್ಲಕ್ಕಿಂತ ಕೊನೆಯಲ್ಲಿ ಒಪ್ಪಿ.

ಇನ್ನೊಂದು ಮಾತನ್ನು ಹೇಳದೆ ಮುಗಿಸಲಾರೆ. ಅಟ್ಟದ ಮೇಲಿನ ಪೆಟ್ಟಿಗೆಗೆ ಬೀಗವೂ ಇರಲಿಲ್ಲ, ಕಾವಲುಗಾರನೂ ಇರಲಿಲ್ಲ. ಯಾರು ಬೇಕಾದರೂ ಯಾವಾಗ ಬೇಕಾದರೂ ತೆರೆದು ಓದಬಹುದಾಗಿತ್ತು. ನಲವತ್ತು ವರ್ಷ ನಾವು ಯಾರೂ ತೆರೆಯಲಿಲ್ಲ, ತೆರೆದದ್ದು ಗೆದ್ದಲು. ಮುಚ್ಚಿದ ಬಾಗಿಲಿನ ಹಿಂದೆ ಉಳಿದ ಅಕ್ಷರಗಳಿಗಾಗಿ ಒಂದು ರಾತ್ರಿ ಒದ್ದಾಡಿದವನು, ತೆರೆದೇ ಇದ್ದ ಬಾಗಿಲಿನ ಕಡೆಗೆ ಅಷ್ಟು ವರ್ಷ ತಲೆಹಾಕಲಿಲ್ಲವೆಂಬ ನಾಚಿಕೆ ನನಗಿದೆ.

ದಿನಚರಿ ಈಗ ಮೂರು ಕಡೆ ಇದೆ. ನನ್ನ ಯಂತ್ರದಲ್ಲೊಂದು, ತಮ್ಮನ ಮಗಳ ಬಳಿ ಒಂದು, ಹಿಂದಿನ ಬೆಂಚಿನ ಆ ಹುಡುಗನ ಬಳಿ ಒಂದು. ಮುದ್ರಿಸಿ ಹೊಲಿಸಿದ ಕಾಗದದ ಪ್ರತಿಯೂ ಮನೆಯಲ್ಲಿದೆ. ಅಟ್ಟದ ಮೇಲಲ್ಲ, ಜಗುಲಿಯ ಕಪಾಟಿನಲ್ಲಿ. ಬಂದವರು ಕೇಳದೆಯೇ ತೆಗೆದು ಓದಬಹುದು.

ನಿಮ್ಮ ಮೇಷ್ಟ್ರು